ಲ್ಯಾಪ್‌ಟಾಪಿಗೆ ಗಾಳಿ ಹಾಕಿದ್ದು

ನಮ್ಮ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಒಂದು ಫ್ಯಾನ್ ಇದೆ ಎಂಬುದು ಅದು ನಿಂತ ಮೇಲೆಯೇ ನನ್ನ ಗಮನಕ್ಕೆ ಬಂತು. ಬೈಲಹೊಂಗಲದ ಮಕ್ಕಳಿಗೆ ಉಷ್ಣ ಹೇಗೆ ಹರಿಯುತ್ತದೆ ಎಂದು ನಿವೃತ್ತಿಯವರೆಗೆ ಪಾಠ ಹೇಳಿದ ವಿಜ್ಞಾನದ ಮಾಸ್ತರ ನಾನು. ಆದರೂ ಅದರ ಗುಂಯ್ ಸದ್ದನ್ನು ಯಂತ್ರದ ಸ್ವಭಾವ ಎಂದುಕೊಂಡಿದ್ದೆ. ಕೆಲವರು ಉಣ್ಣುವಾಗ ಸದ್ದು ಮಾಡುತ್ತಾರಲ್ಲ, ಹಾಗೆ.

ನನ್ನ ಹೆಂಡತಿ ಗಿರಿಜಾ ಐವತ್ತು ದಾಟಿದ ಮೇಲೆ, ಎಂದೋ ನಿಂತುಹೋದ ಓದನ್ನು ಮತ್ತೆ ಕೈಗೆತ್ತಿಕೊಂಡು ಇತಿಹಾಸದ ಎಂ.ಎ. ಕಟ್ಟಿದ್ದಳು. ಅವಳ ತವರು ರಾಮದುರ್ಗ. ಆ ಕಡೆಯ ತೊರಗಲ್ ಕೋಟೆಯ ಮೇಲೆ ಒಂದು ಪ್ರಬಂಧ ಬರೆದಿದ್ದಳು. ಅವತ್ತು ಮಧ್ಯಾಹ್ನ ವಿಡಿಯೊ ಕರೆಯಲ್ಲಿ ಪರೀಕ್ಷಕರಿಗೆ ಚಿತ್ರ ತೋರಿಸಿ ಅದನ್ನು ವಿವರಿಸಬೇಕಿತ್ತು. ತಪ್ಪಿದರೆ ಮುಂದಿನ ವರ್ಷವೇ ಗತಿ. ಬೆಳಿಗ್ಗೆ ಒಮ್ಮೆ ಅಭ್ಯಾಸ ಮಾಡಿ ನೋಡೋಣವೆಂದು ಕೂತಳು. ಮೊದಲ ಚಿತ್ರ ದಾಟುವುದರೊಳಗೆ ಪರದೆ ಕಪ್ಪಾಯಿತು.

“ಕೆಂಡ ಆಗೇತಿ ನೋಡ್ರಿ ಇದು,” ಎಂದಳು. ದನಿ ಸಣ್ಣಗಾಗಿತ್ತು.

ಬಿಸಿಲಿನ ದಿನ, ಹಾಗಾಗಿದೆ ಎಂದು ನಾನು ತಿಳಿದವನಂತೆ ಹೇಳಿದೆ. ಆರಲು ಬಿಟ್ಟು ಮತ್ತೆ ಹಚ್ಚಿದರೂ ಅದೇ ಕಥೆ. ಯಂತ್ರದ ಪಕ್ಕದ ಕಿಂಡಿಗೆ ಅಂಗೈ ಹಿಡಿದೆ. ಗಾಳಿಯ ಸುಳಿವೇ ಇಲ್ಲ. ಟಾರ್ಚ್ ಬಿಟ್ಟು ಇಣುಕಿದರೆ ಒಳಗೆ ಬೂದು ಬಣ್ಣದ ಏನೋ ಒಂದು ಕಂಡಿತು. ಅಲ್ಲಿಂದ ನನಗೆ ಪರೀಕ್ಷೆಯ ಚಿಂತೆಗಿಂತ ಆ ಬೂದು ವಸ್ತುವಿನ ಕುತೂಹಲ ಹೆಚ್ಚಾಯಿತು ಎಂದರೆ ಗಿರಿಜಾ ಇವತ್ತಿಗೂ ಕ್ಷಮಿಸುವುದಿಲ್ಲ.

ಪೂರಾ ಬಂದ್ ಮಾಡಿ, ಮಗುಚಿ, ತಿರುಪುಗಳನ್ನು ಬಿಚ್ಚಿ, ಬ್ಯಾಟರಿಯ ಕೊಂಡಿ ಕಳಚಿದೆ. ಫ್ಯಾನಿನ ರೆಕ್ಕೆಗಳ ನಡುವೆ, ಬೂದು ಧೂಳಿನಡಿ, ನೂಲಿನ ಚೂರುಗಳ ಒಂದು ಮೆತ್ತೆಯೇ ಕೂತಿತ್ತು: ನೀಲಿ, ಕೆಂಪು, ಕುಂಕುಮದ ಬಣ್ಣ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ನಮ್ಮ ಕೌದಿಯ ಬಣ್ಣಗಳೇ ಅವು. ಗಿರಿಜಾ ಅದರ ಮೇಲೆಯೇ ಕೂತು ಟೈಪ್ ಮಾಡುತ್ತಿದ್ದಳು; ನಾನು ಅದರ ಮೇಲೆಯೇ ಮಲಗಿ ಕ್ರಿಕೆಟ್ ನೋಡುತ್ತಿದ್ದೆ. ಕೌದಿ ಕೆಳಗಿನ ಕಿಂಡಿಗಳನ್ನು ಮುಚ್ಚಿ, ಉಸಿರಿನ ಜೊತೆ ನೂಲನ್ನೂ ಉಣಿಸಿತ್ತು.

ಮೆತ್ತನೆಯ ಕುಂಚದಿಂದ ಒರೆಸಿದೆ. ಬೆರಳಿಂದ ತಳ್ಳಿದರೆ ರೆಕ್ಕೆ ಸಲೀಸಾಗಿ ತಿರುಗಿತು. ಇಬ್ಬರೂ ಹಿಗ್ಗಿದೆವು. ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದರೆ ಫ್ಯಾನ್ ಒಮ್ಮೆ ನಡುಗಿ ಸುಮ್ಮನಾಯಿತು. ತಂತಿಯನ್ನು ತೆಗೆದು ಮತ್ತೆ ಸಿಕ್ಕಿಸಿದರೂ ಅಷ್ಟೇ. ಧೂಳು ಅರ್ಧ ರೋಗ, ಮೋಟಾರೇ ಸುಟ್ಟಿರಬೇಕು. ಬೆಳಗಾವಿಯ ರಿಪೇರಿ ಅಂಗಡಿಗೆ ಫೋನ್ ಮಾಡಿದಾಗ ಅವರೂ ಹಾಗೇ ಹೇಳಿ, ಹೊಸದು ತರಿಸಲು ಕೆಲವು ದಿನ ಬೇಕೆಂದರು.

ಇಷ್ಟು ಸಣ್ಣ ಫ್ಯಾನ್ ಇಷ್ಟು ದೊಡ್ಡ ಬಿಸಿಯನ್ನು ಹೇಗೆ ತಣಿಸುತ್ತದೆ ಎಂದು ಗಿರಿಜಾ ಕೇಳಿದಳು. ತಾಮ್ರದ ಕೊಳವೆ ಬಿಸಿಯನ್ನು ಅಂಚಿಗೆ ತರುತ್ತದೆ, ಫ್ಯಾನ್ ಅದನ್ನು ಬಾಗಿಲ ಹೊರಗೆ ದಬ್ಬುತ್ತದೆ ಎಂದೆ. ಹೇಳುತ್ತಿರುವಾಗಲೇ ದಾರಿ ಹೊಳೆಯಿತು: ಒಳಗಿನವನು ದಬ್ಬದಿದ್ದರೆ ಹೊರಗಿನವನು ಬೀಸಲಿ. ತಳದ ಮುಚ್ಚಳ ಹಾಕಿ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ ಎರಡು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಟೇಬಲ್ ಫ್ಯಾನನ್ನು ಅದರ ಕೆಳಕ್ಕೆ ತಿರುಗಿಸಿದೆವು. ಯಂತ್ರದಲ್ಲಿ ತೆರೆದಿದ್ದ ಬೇಡದ್ದನ್ನೆಲ್ಲ ಗಿರಿಜಾ ಬಂದ್ ಮಾಡಿದಳು. ಯಂತ್ರ ತಡೆದುಕೊಂಡಿತು.

ಮಧ್ಯಾಹ್ನ ಪರೀಕ್ಷಕರು ಪರದೆಯ ಮೇಲೆ ಬಂದರು, ಗಿರಿಜಾ ಮಾತು ಶುರುಮಾಡಿದಳು, ಕರೆಂಟ್ ಹೋಯಿತು. ಬ್ಯಾಟರಿ ಇತ್ತು, ಮೊಬೈಲಿನ ಇಂಟರ್ನೆಟ್ ಇತ್ತು. ಟೇಬಲ್ ಫ್ಯಾನ್ ಮಾತ್ರ ನಿಂತಿತು. ಅವಳು ಮಾತು ನಿಲ್ಲಿಸದೆ ನನ್ನ ಕಡೆ ಒಮ್ಮೆ ನೋಡಿದಳು. ಸೀರೆಯ ರಟ್ಟಿನ ಡಬ್ಬಿಯ ಮುಚ್ಚಳವನ್ನು ಹಿಡಿದು ನಾನು ಕ್ಯಾಮೆರಾದ ಆಚೆ ಮೇಜಿನ ಪಕ್ಕ ಮಂಡಿಯೂರಿ ಬೀಸತೊಡಗಿದೆ.

ಬೀಸುವವನಿಗೆ ಕೇಳುವುದು ಬಿಟ್ಟು ಬೇರೆ ಕೆಲಸವಿಲ್ಲ. ಅವಳ ಪ್ರಬಂಧ ರಾಜರದೋ ಯುದ್ಧದ್ದೋ ಇರಬೇಕೆಂದು ನಾನು ಎಣಿಸಿದ್ದೆ. ಅದು ನೀರಿನದು. ಕೋಟೆಯೊಳಗೆ ಹೆಂಗಸರು ಕೊಡ ಹೊತ್ತು ಓಡಾಡಿದ ದಾರಿಗಳನ್ನು, ಊರಿನ ಮುದುಕಿಯರ ಜೊತೆ ನಡೆದು ನಡೆದು ಅವಳು ಗುರುತು ಮಾಡಿದ್ದಳು. ತವರಿಗೆ ಹೋದಾಗಲೆಲ್ಲ ಮಧ್ಯಾಹ್ನ ಎಲ್ಲಿ ಮಾಯವಾಗುತ್ತಿದ್ದಳೆಂದು ಈಗ ತಿಳಿಯಿತು. ಇದು ಯಾವ ಪುಸ್ತಕದಲ್ಲಿದೆ ಎಂದು ಪರೀಕ್ಷಕರು ಕೇಳಿದರು.

“ಪುಸ್ತಕದಾಗ ಇಲ್ರಿ ಸರ್. ನೀರು ಹೊತ್ತಾಕಿ ಹೇಳ್ಯಾಳ್ರಿ,” ಎಂದಳು.

ನನ್ನ ಕೈ ನಿಂತೇಹೋಯಿತು. ಅವಳು ಮೇಜಿನ ಕೆಳಗಿಂದ ಕಾಲಲ್ಲಿ ತಿವಿದ ಮೇಲೆ ಮತ್ತೆ ಬೀಸಿದೆ. ಪರದೆಯಲ್ಲಿ ಅವಳ ಕೂದಲು ಹಾರುವುದನ್ನು ಕಂಡು, ಅಲ್ಲಿ ಗಾಳಿ ಜೋರೇ ಎಂದು ಅವರು ವಿಚಾರಿಸಿದರು. “ಫ್ಯಾನ್ ಐತ್ರಿ ಸರ್, ಹಳೇದು,” ಎಂದು ನಗದೆ ಹೇಳಿದಳು.

ಅವಳು ಪಾಸಾದಳು. ಹೊಸ ಫ್ಯಾನೂ ಬಂತು. ಎಷ್ಟೋ ಸಲ ರಾಮದುರ್ಗಕ್ಕೆ ಹೋಗಿ ಬಂದರೂ ತೊರಗಲ್ ಕಡೆ ತಿರುಗದ ನಾನು, ಮುಂದಿನ ಸಲ ಅವಳ ಹಿಂದೆಯೇ ಅಲ್ಲಿಗೆ ಹೋದೆ. ಕೋಟೆಯ ಏರಿನ ಒಂದು ಕಡೆ ಸವೆದ ದಾರಿಯೊಂದು ಗೋಡೆಯ ಆಚೆ ತಿರುಗಿ ಮರೆಯಾಗುತ್ತಿತ್ತು. ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನನಗೂ ಗೊತ್ತಿಲ್ರಿ,” ಎಂದಳು. “ಬರ್ರಿ, ನೋಡೂಣು.”