ರೈಲಿಲ್ಲದ ಊರಿನ ಟಿಕೆಟ್ಟು

ಅರಸೀಕೆರೆಯ ಕೊಬ್ಬರಿ ಮಂಡಿಯ ಗುರುಶಾಂತಪ್ಪನವರ ಪ್ರಕಾರ, ಹೊಸದಾಗಿ ಬಂದಿರುವ ಈ ಲಾಟರಿ ಹಣೆಬರಹದ ವಿಷಯವಲ್ಲ, ಉಪಾಯದ್ದು. ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲ ಅವರು ಟಿಕೆಟ್ಟನ್ನೂ ಹಾಗೆಯೇ ಅಲ್ಲಾಡಿಸಿ ನೋಡುತ್ತಾರೆ. ಸೊನ್ನೆಯಲ್ಲಿ ಮುಗಿಯುವ ನಂಬರನ್ನು ಜೊಳ್ಳೆಂದು ತಳ್ಳುತ್ತಾರೆ. ಸ್ವಂತ ಊರಿನಲ್ಲಂತೂ ಕೊಳ್ಳುವುದೇ ಇಲ್ಲ. "ಇದು ಜಂಕ್ಷನ್ನು ಕಣ್ರೀ, ಇಲ್ಲಿಗೆ ಬಂದ ಅದೃಷ್ಟ ರೈಲು ಬದಲಾಯಿಸ್ಕೊಂಡು ಹೋಯ್ತದೆ. ರೈಲಿಲ್ಲದ ಊರಲ್ಲಿ ತಗೋಬೇಕು," ಎನ್ನುತ್ತ ತಿಂಗಳಿಗೊಮ್ಮೆ ಹಳೇಬೀಡಿನ ಬಸ್ಸು ಹತ್ತುತ್ತಾರೆ. ಅಲ್ಲಿ ಮಾರುವ ಟಿಕೆಟ್ಟಿನ ಕಟ್ಟು ಅರಸೀಕೆರೆಯಿಂದ ಅದೇ ಬಸ್ಸಿನಲ್ಲಿ, ಎಷ್ಟೋ ಸಲ ಅವರ ಪಕ್ಕದ ಸೀಟಿನಲ್ಲೇ ಕೂತು ಬರುತ್ತದೆ. ಕೊಂಡ ಟಿಕೆಟ್ಟಿಗೆ ಹೆಣ್ಣುಮಗಳ ಕೈ ತಾಗಬೇಕೆಂಬುದು ಕೊನೆಯ ಉಪಾಯ. ಅದಕ್ಕಾಗಿ ಅದೇ ಊರಿಗೆ ಮದುವೆ ಮಾಡಿಕೊಟ್ಟಿರುವ ಮಗಳು ದ್ರಾಕ್ಷಾಯಣಿಯ ಮನೆಗೆ ಹೋಗುತ್ತಾರೆ. ಕಾರಣವಿಲ್ಲದೆ ಬೀಗರ ಮನೆಯ ಹೊಸಿಲು ತುಳಿಯುವವರಲ್ಲ ಅವರು. ಮಗಳು ಟಿಕೆಟ್ಟು ಮುಟ್ಟಿ ಕೊಡುತ್ತಾಳೆ, ರೊಟ್ಟಿ ಬಡಿಸುತ್ತಾಳೆ, ಅವರು ಕೊನೇ ಬಸ್ಸಿಗೆ ಹೊರಡುತ್ತಾರೆ. ಬಹುಮಾನದ ನಂಬರು ಪೇಪರಿನಲ್ಲಿ ಬಂದ ದಿನ ಮಂಡಿಯವರು, "ಏನಾಯ್ತು ಯಜಮಾನ್ರೇ?" ಎಂದರೆ ಅವರು ಪೇಪರು ಬಿಡಿಸುವುದೂ ಇಲ್ಲ. "ಮುಂದಿನ ಡ್ರಾ ಯಾವತ್ತಂತೆ, ಅದನ್ನ ಹೇಳಿ," ಎನ್ನುತ್ತಾರೆ.