ಕರಡಿಯ ಅಂಗಿ

ಬನಹಟ್ಟಿಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ದಿನಾ ಮಧ್ಯಾಹ್ನ ಕರಡಿಯಾಗಿರುತ್ತಿದ್ದೆ. ಇದನ್ನು ಹೀಗೆ ನೇರವಾಗಿ ಹೇಳಿದರೆ ಜನ ಈಗಲೂ ನನ್ನ ಮುಖ ನೋಡುತ್ತಾರೆ. ನೋಡಲಿ. ಸುಳ್ಳೇನೂ ಹೇಳುತ್ತಿಲ್ಲ.

ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ಗಂಡನದು ಸೀರೆಯ ಅಂಚು, ಸೆರಗಿನ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗದವರಿಗೆ ಕೊಡುವ ಕೆಲಸ. ಆಗಷ್ಟೇ ನಮ್ಮ ಓಣಿಗೆ ಇಂಟರ್‌ನೆಟ್ ಬಂದಿತ್ತು. ಕಾಲೇಜಿನಲ್ಲಿದ್ದಾಗ ತಾನು ಆಡುತ್ತಿದ್ದ ಆಟವೊಂದನ್ನು ಕಂಪ್ಯೂಟರಿಗೆ ಹಾಕಿ, "ಬ್ಯಾಸರಾದ್ರ ಆಡು" ಎಂದು ನನಗೆ ಕಲಿಸಿಕೊಟ್ಟು, ತಾನು ಮಾತ್ರ ಮಧ್ಯಾಹ್ನವೆಲ್ಲ ಮಗ್ಗದವರ ಕಡೆ ತಿರುಗುವ ಕೆಲಸದಲ್ಲಿ ಮುಳುಗಿಬಿಟ್ಟ. ಬೇಸರಕ್ಕೇನು ಬರವೇ? ನಾನು ಆಡಿದೆ.

ಎಲ್ಲೆಲ್ಲಿಯದೋ ಜನ ಒಂದೊಂದು ವೇಷ ತೊಟ್ಟು, ಒಂದೇ ಕಾಡಿನಲ್ಲಿ ಸೇರಿ ರಾಕ್ಷಸರನ್ನು ಬಡಿಯುವ ಆಟ ಅದು. ನಾನು ಆರಿಸಿಕೊಂಡ ಪಾತ್ರ ರೂಪ ಬದಲಿಸುವಂಥದ್ದು. ಮನುಷ್ಯ ರೂಪದಲ್ಲಿದ್ದಾಗ ಮೈಮೇಲೆ ತೊಗಲಿನ ಕವಚ. ಒಂದು ಗುಂಡಿ ಒತ್ತಿದರೆ ಕರಡಿ. ಕರಡಿಯ ಕೆಲಸ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವುದು. ಮನೆಯಲ್ಲಿ ಜೋರಾಗಿ ಕೆಮ್ಮಲೂ ಹಿಂಜರಿಯುತ್ತಿದ್ದ ನಾನು ಅಲ್ಲಿ ರಾಕ್ಷಸನ ಮೋರೆಗೆ ಮೋರೆ ಕೊಟ್ಟು ನಿಲ್ಲುತ್ತಿದ್ದೆ. ಆ ಸುಖವನ್ನು ಉಂಡವರೇ ಬಲ್ಲರು.

ಕರಡಿಯಾದೊಡನೆ ಕವಚ ಕಾಣುವುದಿಲ್ಲ, ಬರೀ ಕೂದಲು. ಕಾಣುವುದಿಲ್ಲ ಎಂದ ಮೇಲೆ ಸವೆಯುವುದೂ ಇಲ್ಲ ಎಂದು ನಾನು ತಿಳಿದಿದ್ದೆ. ಏಟು ಬೀಳುವುದು ಕರಡಿಯ ಮೈಗೆ ತಾನೆ, ಬಟ್ಟೆಗೇನಾಗುತ್ತದೆ? ಹೀಗಾಗಿ ಆಟದ ಊರಿನಲ್ಲಿದ್ದ ಕಮ್ಮಾರನ ಹತ್ತಿರ ರಿಪೇರಿಗೆಂದು ಒಮ್ಮೆಯೂ ಹೋಗಲಿಲ್ಲ. ಕವಚ ಒಳಗೊಳಗೇ ಸವೆದು ಇದ್ದೂ ಇಲ್ಲದಂತಾಯಿತು. ನಾನು ದಿನಾ ಸಾಯತೊಡಗಿದೆ.

ನನ್ನ ಕಣ್ಣು ತೆರೆಸಿದವನು ತೇರದಾಳದವನೊಬ್ಬ. ನಮ್ಮ ತಂಡದಲ್ಲಿ ಗಾಯಕ್ಕೆ ಮದ್ದು ಹಾಕುವ ಪಾತ್ರ ಅವನದು. ಅವನು ಮೈಕಿನಲ್ಲಿ ಮಾತಾಡುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಒಂದು ದಿನ ಸಿಟ್ಟಿನಲ್ಲಿ ಅವನ ಬಾಯಿಂದ ನಮ್ಮ ಕಡೆಯ ಅಚ್ಚ ಬೈಗುಳ ಬಿತ್ತು. ಯಾವೂರು ಎಂದು ಕೇಳಿದೆ. ತೇರದಾಳ ಎಂದ. ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಹೋಗಿ ಬರುವಷ್ಟು ಹತ್ತಿರದ ಊರು! ನಾನೂ ನನ್ನ ಊರು ಹೇಳಿದೆ. ಅವನು ನನ್ನನ್ನು ಗಂಡಸೆಂದು ತಿಳಿದ. ನಾನು ತಿದ್ದಲು ಹೋಗಲಿಲ್ಲ. ಕವಚದ ವಿಷಯ ತಿಳಿದಾಗ ಅವನು ನಕ್ಕು ನಕ್ಕು ಸುಸ್ತಾದ. "ಲೇ, ಕಾಣಂಗಿಲ್ಲ ಅಂದ್ರ ಹರಿಯಂಗಿಲ್ಲ ಅಂತ ಯಾರ ಹೇಳ್ಯಾರ ನಿನಗ? ಮೊದಲ ಅಂಗಿ ಹೊಲಿಸ್ಕೊಂಡ ಬಾ ಹೋಗ." ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಕವಚಕ್ಕೆ ಅಂಗಿ ಎಂದೇ ಹೆಸರಾಯಿತು.

ನಮ್ಮ ಓಣಿಯಲ್ಲಿ ಬೆಳಗಾದರೆ ಪವರ್‌ಲೂಮಿನ ಖಟಪಟ. ಪಕ್ಕದಲ್ಲಿ ನಿಂತವರಿಗೂ ಒದರಿ ಹೇಳಬೇಕು. ಗಲಗಲಿಯ ಹೊಳೆದಂಡೆಯಲ್ಲಿ ಬೆಳೆದ ನನಗೆ ಮೊದಮೊದಲು ತಲೆಯೊಳಗೇ ಮಗ್ಗ ಹೂಡಿದಂತಾಗುತ್ತಿತ್ತು. ಆಮೇಲಾಮೇಲೆ ಆ ಸದ್ದೇ ಅನುಕೂಲವಾಯಿತು. ಸ್ಪೀಕರನ್ನು ಪೂರ್ತಿ ತಿರುವಿಟ್ಟರೂ ತೇರದಾಳದವನ ಬೈಗುಳ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಸೊಸೆ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂಬ ಹೆಮ್ಮೆ ಅವರಿಗೆ.

ಅವತ್ತು ಗಂಡ ಸೊಲ್ಲಾಪುರಕ್ಕೆ ಹೋಗಿದ್ದ. ಹಿಂದಿನ ದಿನ ಮನೆಗೆ ಬೀಗರು ಬಂದಿದ್ದ ಗಡಿಬಿಡಿಯಲ್ಲಿ ನಾನು ಅಂಗಿಯ ರಿಪೇರಿ ಮರೆತಿದ್ದೆ. ಕಾಳಗ ಜೋರಾಗಿತ್ತು. ಅಷ್ಟರಲ್ಲಿ ಮಗ್ಗಗಳ ಲೈನಿನ ಕರೆಂಟು ಹೋಯಿತು. ಮನೆಗಳ ಲೈನು ಹಾಗೇ ಉಳಿಯಿತು. ಇಡೀ ಓಣಿ ಒಮ್ಮೆಲೇ ಗಪ್ಪಾಯಿತು. ನನ್ನ ಕಂಪ್ಯೂಟರ್ ಮಾತ್ರ ಗಪ್ಪಾಗಲಿಲ್ಲ. ಆ ಮೌನದ ನಟ್ಟನಡುವೆ ಸ್ಪೀಕರು ಕೂಗಿತು:

"ಲೇ, ಅಂಗಿ ಪೂರಾ ಹರದ ಹೋಗೇತಿ! ಮೈಮ್ಯಾಲ ಒಂದ ಚೂರೂ ಉಳದಿಲ್ಲ! ಹಂಗ ಬತ್ತಲೆ ನಿಂತೀಯಲ್ಲ, ನಾಚಿಕಿ ಬರೂದಿಲ್ಲೇನ?"

ನಾನು ಸ್ಪೀಕರಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಕೈಯಲ್ಲಿ ಕಂಡಿಕೆ ಹಿಡಿದೇ ಒಳಗೆ ಬಂದಿದ್ದರು. ಮೊದಲು ನನ್ನನ್ನು ನೋಡಿದರು. ಸೀರೆ, ಕುಪ್ಪಸ ಎಲ್ಲ ಸರಿಯಾಗಿಯೇ ಇದ್ದವು. ಬಾಗಿಲ ಹಿಂದೆ ನೋಡಿದರು. ಬಗ್ಗಿ ಮಂಚದ ಕೆಳಗೂ ನೋಡಿದರು.

"ಎಲ್ಲಿ ಅದಾನ?"

"ಯಾರ್ರಿ ಅತ್ತಿ?"

"ಅಂಗಿ ಹರದಾವ!"

ಉತ್ತರ ಕೊಡಲು ಬಾಯಿ ತೆರೆದೆ, ಅದಕ್ಕೆ ಮೊದಲೇ ಸ್ಪೀಕರು ಮತ್ತೆ ಒದರಿತು: "ಹಿಂದ ಸರಿ ಲೇ, ಸಾಯತಿ!" ಅತ್ತೆ ಸ್ಪೀಕರಿನ ಹಿಂದೆಯೂ ಇಣುಕಿದರು.

ಈಗ ನಗು ಬರುತ್ತದೆ, ಆಗ ಬರಲಿಲ್ಲ. ಮದುವೆಯಾಗಿ ವರ್ಷ ತುಂಬದ ಸೊಸೆ, ಗಂಡ ಊರಲ್ಲಿಲ್ಲ, ಕೋಣೆಯಲ್ಲಿ ಗಂಡಸಿನ ದನಿ, ಅದೂ ಎಂಥ ಮಾತು! ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಿತ್ತು. ಸಂಜೆಯೊಳಗೆ ಈ ಸುದ್ದಿ ಪಕ್ಕದ ರಬಕವಿ ಮುಟ್ಟುತ್ತದೆ, ನಾಳೆ ಗಲಗಲಿಯಲ್ಲಿ ನನ್ನ ಅಪ್ಪನ ಕಿವಿಗೆ ಬೀಳುತ್ತದೆ. ನನ್ನನ್ನು ತವರಿಗೆ ಕಳಿಸಿಯೇ ಬಿಡುತ್ತಾರೆ ಎಂದು ನನಗೆ ಖಚಿತವಾಗಿತ್ತು. ತಡವರಿಸುತ್ತ, ತೆರೆಯ ಮೇಲೆ ಬಿದ್ದಿದ್ದ ಪ್ರಾಣಿಯನ್ನು ತೋರಿಸಿ ಹೇಳಿದೆ.

"ಆ ಕರಡಿ ನಾನ್ರಿ."

"ನೀನು?"

"ಹೌದ್ರಿ. ಆಟದಾಗ. ಅಂವ ನನ್ನ ಜೊತೀಗಾರ. ಅಂಗಿ ಅಂದ್ರ ಕರಡೀದು."

ಅತ್ತೆ ತೆರೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. "ಕರಡಿಗೆ ಅಂಗಿ ಯಾಕ ಬೇಕು?"

"ಒಳಗ ಇರತೈತ್ರಿ. ಹೊರಗ ಕಾಣಂಗಿಲ್ಲ. ಏಟ ಬಿದ್ದಂಗ ಹರೀತೈತಿ."

"ಅಂವಗ ನೀ ಹೆಂಗಸು ಅಂತ ಗೊತ್ತೈತೇನ?"

"ಇಲ್ರಿ."

ನಾನು ಹೆದರಿದ್ದ ಪ್ರಶ್ನೆ ಇದೇ. ಅವರು ಗೋಡೆಯ ಕಡೆ ತಿರುಗಿದರು. ನಾನು ಒಮ್ಮೆಯೂ ಮುಟ್ಟದ ಮೈಕು ಮೊಳೆಗೆ ತೂಗುಬಿದ್ದಿತ್ತು. ಮಾತಾಡುವುದು ಇದರಲ್ಲೇನು ಎಂದು ಕೇಳಿ, ನಾನು ತಲೆಯಾಡಿಸಿದೊಡನೆ ಅದನ್ನು ಕೈಗೆ ತೆಗೆದುಕೊಂಡರು. ನಾನು ಅದರ ವೈರು ಚುಚ್ಚಿ ಕೊಡಬೇಕಾಯಿತು. ನನ್ನ ಮರಣದಂಡನೆಗೆ ನಾನೇ ಹಗ್ಗ ಹೊಸೆದು ಕೊಟ್ಟಂತಿತ್ತು.

"ಯಾರಪಾ ನೀ?"

ಆ ಕಡೆಯಿಂದ ಅಳುಕುತ್ತ ಬಂತು ದನಿ. "ತೇರದಾಳದಾವ್ರಿ. ನೀವ್ಯಾರ್ರಿ?"

"ನಾ ಕರಡಿ ಅತ್ತಿ."

ತೇರದಾಳದವನು ಅಂದು ಕುರ್ಚಿಯಿಂದ ಬಿದ್ದನಂತೆ. ಅವನೇ ಆಮೇಲೆ ಹೇಳಿದ್ದು. ಅತ್ತೆ ಬಿಡಲಿಲ್ಲ. "ಕರಡಿ ನನ್ನ ಸೊಸಿ. ಆಟ ಆಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಂಗಿ ಹರದೇತಿ, ಬತ್ತಲೆ ನಿಂತಿ ಅಂತ ಒದರಿದ್ರ ಓಣ್ಯಾಗ ನಾವು ಹೆಂಗ ಬಾಳೇ ಮಾಡೂದು?"

"ತಪ್ಪಾತ್ರಿ ಅವ್ವಾರ. ಮತ್ತ ಏನ ಅನ್ಲಿರಿ?"

ಮಂಚದ ಮೇಲಿದ್ದ, ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯ ಕಡೆ ಅತ್ತೆ ನೋಡಿದರು. "ಕೌದಿ ಅನ್ನು. ಕೌದಿ ಹರದ್ರ ಯಾರೂ ಏನೂ ಅನ್ನಂಗಿಲ್ಲ."

ಹೋದ ಜೀವ ಅರ್ಧ ಬಂದಿತ್ತು. ಉಳಿದರ್ಧ ಅಂಗಳದಲ್ಲೇ ನಿಂತುಬಿಟ್ಟಿತು, ಏಕೆಂದರೆ ಅಲ್ಲಿ ಪಕ್ಕದ ಮನೆಯ ದೊಡ್ಡವ್ವ ಬಂದಾಗಿತ್ತು, ಬೆನ್ನಿಗೆ ಇನ್ನಿಬ್ಬರು ಹೆಂಗಸರು. ಆಕೆಯ ಕಿವಿಗೆ ಬಿದ್ದದ್ದು ನೀರಿಗೆ ಬಿದ್ದ ಎಣ್ಣೆಯ ಹಾಗೆ ಊರಿಗೆಲ್ಲ ಹರಡುತ್ತಿತ್ತು.

"ಯಾರ ಬಂದಾರ್ವಾ ನಿಮ್ಮ ಮನಿಗೆ? ಯಾರದೋ ಅಂಗಿ ಹರದೇತಿ ಅಂದಂಗಾತು?"

ನಾನು ಬಾಗಿಲ ಮರೆಯಲ್ಲಿ ನಿಂತು ಇದ್ದಬದ್ದ ದೇವರನ್ನೆಲ್ಲ ನೆನೆದೆ. ಅತ್ತೆ ಒಂದು ಸುಳ್ಳು ಹೇಳಿಬಿಡಲಿ. ರೇಡಿಯೋ ಅನ್ನಲಿ, ಟಿವಿ ಅನ್ನಲಿ.

"ನಮ್ಮ ಮನಿ ಕರಡೀದು," ಎಂದರು ಅತ್ತೆ. "ಅಲ್ಲೇ ಯಾಕ ನಿಂತಿ, ಒಳಗ ಬಾ, ತೋರಸ್ತೀನಿ. ಎಲ್ಲಾರೂ ಬರ್ರಿ."

ಹೆಂಗಸರು ಬಂದು ನಮ್ಮ ಕೋಣೆಯ ನೆಲದ ಮೇಲೆ ಕೂತರು. ಅತ್ತೆ ನನ್ನನ್ನು ಕುರ್ಚಿಗೆ ತಳ್ಳಿದರು. "ಆಡಿ ತೋರಸ್ವಾ." ಕರಡಿ ಸತ್ತು ಬಿದ್ದಿತ್ತು. ತೇರದಾಳದವನು ಹೂವಿನಂಥ ದನಿಯಲ್ಲಿ, "ಅಕ್ಕಾರ, ಏಳ್ರಿ, ಕೌದಿ ಹೊಲಿಸ್ಕೊಂಡ ಬರ್ರಿ," ಎಂದು ಎಬ್ಬಿಸಿದ. ನಾನು ಕಮ್ಮಾರನ ಹತ್ತಿರ ಹೋಗಿ ಬಂದೆ. ಕಾಳಗ ಮತ್ತೆ ಹತ್ತಿತು. ದೊಡ್ಡವ್ವ ಕಣ್ಣು ಕಿರಿದು ಮಾಡಿ ತೆರೆಯನ್ನೇ ನೋಡುತ್ತಿದ್ದಳು.

"ಇಷ್ಟ ಮಂದ್ಯಾಗ ಯಾವಾಕಿ?"

ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಎಲ್ಲಾರಕಿಂತ ಮುಂದ ನಿಂತಾಳಲ್ಲ, ಆಕಿ ನಮ್ಮಾಕಿ."

ಅಲ್ಲಿಯವರೆಗೆ ಆ ಓಣಿಯಲ್ಲಿ ನಾನು ಗಲಗಲಿಯಾಕಿ. ಅತ್ತೆಯೂ ಹಾಗೇ ಅನ್ನುತ್ತಿದ್ದರು. ಕಣ್ಣು ತುಂಬಿ ಗುಂಡಿಗಳೇ ಕಾಣದಾದವು, ರಾಕ್ಷಸ ಬಡಿದೇ ಬಡಿದ, ಕರಡಿ ಮತ್ತೊಮ್ಮೆ ಸತ್ತಿತು. "ಅಯ್ಯ, ಬಿತ್ತು!" ಎಂದು ದೊಡ್ಡವ್ವ ಎದೆ ಬಡಿದುಕೊಂಡಳು. ನಾನು ನಕ್ಕೆ, ಆ ಮನೆಗೆ ಬಂದ ಮೇಲೆ ಮೊದಲ ಸಲ, ಓಣಿಗೆಲ್ಲ ಕೇಳುವ ಹಾಗೆ.