ತೀರ್ಥದಲ್ಲಿ ಬೆರೆತ ಬೆಳ್ಳಿ

ಕಳೆದ ವಾರ ತಿಳವಳ್ಳಿಯ ಒಂದು ಮನೆಯಲ್ಲಿ ಅಂಗೈಗೆ ತೀರ್ಥ ಬಿತ್ತು. ತುಳಸಿ, ಪಚ್ಚಕರ್ಪೂರದ ವಾಸನೆ. ಬಾಯಿಗೆ ಒಯ್ಯುವ ಮೊದಲು ಕೈ ಕ್ಷಣ ತಡೆಯಿತು... ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಸ್ತರರು ನೆನಪಾದರು.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಪತ್ರಿಕೆಯ ವರದಿಗಾರ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರ ಪೂಜೆ ಮುಗಿದಿರುತ್ತಿತ್ತು. ನನಗೆ ಮೂರು ಸಲ ತೀರ್ಥ ಕೊಡದೆ ಬಿಡುತ್ತಿರಲಿಲ್ಲ. ಓಣಿಯ ಎಷ್ಟೋ ಜನ ಹಾಗೆ ಕುಡಿದವರು. ಒಂದು ವರ್ಷ, ತೀರ್ಥ ಇನ್ನಷ್ಟು ಶುದ್ಧವಾಗಲೆಂದು, ಅದರಲ್ಲಿ 'ನ್ಯಾನೊ ಬೆಳ್ಳಿ'ಯ ಹನಿ ಬೆರೆಸತೊಡಗಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಹೊಟ್ಟೆಯ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಬಾಟಲಿಯ ಮೇಲೆ ಬರೆದಿತ್ತು.

"ನಮ್ಮಜ್ಜ ಬೆಳ್ಳಿ ತಂಬಿಗೀಲೆ ನೀರು ಕುಡೀತಿದ್ರು. ಇದೂ ಬೆಳ್ಳೀನ ಅಲ್ಲೇನಪಾ, ತುಸು ಸಣ್ಣದು," ಎಂದಿದ್ದರು.

ಕೆಲವೇ ತಿಂಗಳಲ್ಲಿ ಅವರ ಹೊಟ್ಟೆ ಕೆಟ್ಟಿತು. ಉಂಡದ್ದು ದಕ್ಕುತ್ತಿರಲಿಲ್ಲ, ಔಷಧ ನಾಟಲಿಲ್ಲ. ಬೆಳ್ಳಿಯ ಹನಿಯ ಮೇಲೆಯೇ ಅನುಮಾನ ಬಂದು, ಒಂದು ಸಂಜೆ ಎರಡು ಬಟ್ಟಲು ಹಾಲಿಗೆ ಹೆಪ್ಪು ಹಾಕಿ, ಒಂದಕ್ಕೆ ಮಾತ್ರ ಆ ಹನಿ ಬಿಟ್ಟರು.

"ಸಾಲಿ ಬಿಟ್ರೂ ಮಾಸ್ತರಕಿ ಬಿಡವಲ್ರು. ಈಗ ಮೊಸರಿಗೆ ಪರೀಕ್ಷಾ!" ಎಂದು ಅವರ ಹೆಂಡತಿ ನಕ್ಕರು.

ಬೆಳಿಗ್ಗೆ ಮಾಸ್ತರರು ನನ್ನನ್ನು ಕರೆದು ತೋರಿಸಿದರು. ಒಂದರಲ್ಲಿ ಗಟ್ಟಿ ಮೊಸರು. ಹನಿ ಬಿಟ್ಟದ್ದು ಹಾಲಾಗಿಯೇ ಇತ್ತು.

"ಮೊಸರು ಮಾಡೋ ಜೀವ ಸತ್ತಾವ. ಅಂಥಾವ ನಮ್ಮ ಕರಳಾಗೂ ಇರ್ತಾವ," ಎಂದರು. "ನಾ ಎಷ್ಟು ಮಂದಿಗೆ ಕೊಟ್ಟೀನಿ..."

ಬಾಟಲಿ ಎಸೆದರು. ಅಂದಿನಿಂದ ಮನೆಮನೆಗೆ ಹೋಗಿ ಹೊಟ್ಟೆ ಹೇಗಿದೆ ಎಂದು ವಿಚಾರಿಸತೊಡಗಿದರು. "ನಿನ್ನೆ ಹತ್ತು ಮಿರ್ಚಿ ತಿಂದೇನ್ರಿ ಮಾಸ್ತರ, ಅದಕ್ಕೂ ನೀವ ಕಾರಣೇನ್ರಿ?" ಎಂದು ಒಬ್ಬರು ಚೇಷ್ಟೆ ಮಾಡಿದರು. ಮಾಸ್ತರರು ಮುಂದಿನ ಮನೆಯ ಕಡೆ ನಡೆದರು.

ನಾನು ವೈದ್ಯರನ್ನು ಕೇಳಿದೆ. ಅಂಥ ಕಣಗಳು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೂ ಹಾನಿ ಮಾಡಬಹುದು, ಆದರೆ ಇವರ ಕಾಯಿಲೆಗೆ ಅದೇ ಕಾರಣವೆನ್ನಲು ಪುರಾವೆಯಿಲ್ಲ ಎಂದರು. ನಾನು ಸುದ್ದಿ ಬರೆಯಲಿಲ್ಲ.

"ಖರೇ ಹೇಳು, ನಿನಗೇನೂ ಆಗೂದಿಲ್ಲ ಹೌದಲ್ಲೊ?" ಎಂದು ಮಾಸ್ತರರು ಒಮ್ಮೆ ಕೇಳಿದರು.

"ಗೊತ್ತಿಲ್ರಿ ಸರ್," ಎಂದೆ. ಖಾತ್ರಿಯಿಲ್ಲದ್ದನ್ನು ಹೇಳದಿರುವುದು ನನ್ನ ಅಭ್ಯಾಸ. ಅವರು ಮತ್ತೆ ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು...

ಈಗ ಎರಡು ತಿಂಗಳಿಂದ ನನ್ನ ಹೊಟ್ಟೆಯೂ ಸರಿಯಿಲ್ಲ. ನಾಳೆ ಹುಬ್ಬಳ್ಳಿಯಲ್ಲಿ ಕರುಳಿನ ತಪಾಸಣೆ. ಕಾರಣ ಏನು ಬೇಕಾದರೂ ಇರಬಹುದು: ಹೋಟೆಲಿನ ಊಟ, ವಯಸ್ಸು. ಇಷ್ಟು ವರ್ಷ ಅವರಿಲ್ಲವೆಂಬುದು ಬರೀ ದುಃಖವಾಗಿತ್ತು. ಈಗ ಅದರೊಳಗೆ, ಹೇಳಿಕೊಳ್ಳಲು ನಾಚಿಕೆಯಾಗುವ ಒಂದು ಸಮಾಧಾನವೂ ಇದೆ. ಈ ಸುದ್ದಿ ಅವರ ಕಿವಿಗೆ ಬೀಳುವುದಿಲ್ಲ.